ಒತ್ತೊತ್ತಾದ ಪಟ್ಟೆಗಳನ್ನು ಅಳೆದಿದ್ದು ಹೀಗೆ
ಹಾಸನದ ಮನೆಯಲ್ಲಿ ಪಿಯುಸಿ ಓದುವ ತಂಗಿಗೆ ಯಂಗ್‌ನ ಜೋಡಿ ಸೀಳು ಪ್ರಯೋಗ ತೋರಿಸುತ್ತಿದ್ದೆ. ಬೆಳಕನ್ನು ಎರಡು ಸಣ್ಣ ಸೀಳುಗಳ ಮೂಲಕ ಬಿಟ್ಟರೆ ಪರದೆಯ ಮೇಲೆ ಬೆಳಕು-ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಪಟ್ಟೆಗಳು ತುಂಬಾ ಒತ್ತೊತ್ತು, ಸ್ಕೇಲಿಗೆ ಸಿಗುತ್ತಿರಲಿಲ್ಲ.

ದಾರಿ ಸೂತ್ರದಲ್ಲೇ ಇತ್ತು. ತರಂಗದೂರವನ್ನು (ಬೆಳಕಿನ ಒಂದು ಅಲೆಯ ಉದ್ದ) ಪರದೆಯ ದೂರದಿಂದ ಗುಣಿಸಿ, ಸೀಳುಗಳ ನಡುವಿನ ಅಂತರದಿಂದ ಭಾಗಿಸಿದರೆ ಪಟ್ಟೆಗಳ ಅಂತರ. ನಮ್ಮ ಕೆಂಪು ಲೇಸರ್ 650 ನ್ಯಾನೊಮೀಟರ್, ಸೀಳುಗಳ ಅಂತರ 0.25 ಮಿ.ಮೀ. ಪರದೆ 1 ಮೀಟರ್ ದೂರವಿದ್ದರೆ ಬರೀ 2.6 ಮಿ.ಮೀ. ಅದಕ್ಕೇ 4 ಮೀಟರ್ ಆಚೆಯ ಗೋಡೆಗೆ ಬೆಳಕು ಬಿಟ್ಟೆವು. ಐದು ಅಂತರ ಒಟ್ಟಿಗೆ ಅಳೆದಾಗ ಸುಮಾರು 52 ಮಿ.ಮೀ. ಭಾಗಿಸಿದರೆ 10.4, ಲೆಕ್ಕಕ್ಕೆ ಸರಿ!

ಸೀಳುಗಳು ಹತ್ತಿರವಾದಷ್ಟೂ ಪಟ್ಟೆಗಳು ದೂರವಾಗುತ್ತವೆ. ಇದು ನನಗೆ ತುಂಬಾ ಇಷ್ಟ. ಎರಡು ಸೀಳಿನಿಂದ ಬರುವ ದಾರಿಗಳಿಗೆ ಒಂದು ಪೂರ್ಣ ತರಂಗದಷ್ಟು ವ್ಯತ್ಯಾಸ ಬಂದಾಗಲೇ ಮುಂದಿನ ಬೆಳಕಿನ ಪಟ್ಟೆ. ಸೀಳುಗಳು ಹತ್ತಿರವಿದ್ದರೆ ಆ ವ್ಯತ್ಯಾಸಕ್ಕೆ ಗೋಡೆಯ ಮೇಲೆ ಜಾಸ್ತಿ ಸರಿಯಬೇಕು, ಅಲ್ವಾ?