ಒಂದೇ ಒಂದು ಕ್ಯಾನ್ವಾಸ್‌ಬ್ಯಾಕ್‌ಗೋಸ್ಕರ

ಬಾತು ಬೇಟೆ ಅಂದ ತಕ್ಷಣ ಜನ ಕೇಳೋದು ಕೋವಿ ಯಾವ್ದು, ಗುರಿ ಹೇಗೆ, ಎಷ್ಟು ಹೊಡದ್ರಿ ಅಂತ. ನಾನು ಅಮೆರಿಕದಲ್ಲಿ ಮಿಸಿಸಿಪ್ಪಿ ನದಿಯ ಮೇಲ್ಭಾಗದ ಹಿನ್ನೀರಲ್ಲಿ ಕೆಲವು ಸೀಸನ್ ಕೂತು ಬಂದವ್ನು, ನನ್ನ ಕೇಳಿದ್ರೆ ಟ್ರಿಗರ್ ಒತ್ತೋದು ಇದ್ರಲ್ಲಿ ತೀರಾ ಸಣ್ಣ ಭಾಗ. ಮಬ್ಬು ಬೆಳಕಲ್ಲಿ ಗಾಳಿ ಸೀಳ್ಕೊಂಡು ಬರ್ತಿರೋ ಹಕ್ಕಿ ಯಾವ್ದು, ಗಂಡಾ ಹೆಣ್ಣಾ, ಇದನ್ನ ಎರಡ್ಮೂರು ಸೆಕೆಂಡಲ್ಲಿ ಹೇಳೋಕೆ ಬರ್ಬೇಕು, ಬರೋವರೆಗೂ ಕೋವಿ ಮೇಲಕ್ಕೆ ಏಳ್ಬಾರ್ದು. ನಂಗಿದು ಬರೋಕೆ ಎರಡು ವರ್ಷ ಹಿಡೀತು, ಅದ್ರಲ್ಲಿ ಮೊದಲ್ನೇ ವರ್ಷ ಕೋವಿನೇ ಇರ್ಲಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದೆಲ್ಲಾ ನಿಷಿದ್ಧ, ಅದು ಸರಿಯಾದ್ದೇ. ಅಮೆರಿಕದಲ್ಲಿ ಬೇಟೆಗೆ ಅವಕಾಶ ಇದೆ, ಆದ್ರೆ ಲೆಕ್ಕಾಚಾರ ಬಹಳ ಬಿಗಿ.

ನನ್ನನ್ನ ಇದಕ್ಕೆ ಎಳೆದಿದ್ದು ಒಂದೇ ಹಕ್ಕಿ, ಕ್ಯಾನ್ವಾಸ್‌ಬ್ಯಾಕ್. ಬೇಟೆಗಾರರ ಬಾಯಲ್ಲಿ ಬರೀ 'ಕ್ಯಾನ್'. ಕಡಲ ಬಾತುಗಳನ್ನ ಬಿಟ್ರೆ ಉತ್ತರ ಅಮೆರಿಕದ ಮುಳುಗು ಬಾತುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಗಂಡಿಗೆ ಕಡುಗೆಂಪು ತಲೆ, ಕೆಂಪು ಕಣ್ಣು, ಕಪ್ಪು ಎದೆ, ಬೆನ್ನು ಬೆಳ್ಳಗೆ. ನಮ್ಮ ಕೆರೆಗಳಿಗೆ ಚಳಿಗಾಲದಲ್ಲಿ ಬರೋ ಪೋಚಾರ್ಡ್ ನೋಡಿದವ್ರು ಅದರ ದೊಡ್ಡಣ್ಣ ಅಂದ್ಕೊಳ್ಳಿ, ಎರಡೂ ಒಂದೇ ಕುಲ. ಇದರ ಹಣೆ ಮಾತ್ರ ನೋಡಿದ ಕೂಡ್ಲೇ ಗುರುತು ಸಿಗುತ್ತೆ, ನೆತ್ತಿಯಿಂದ ಕೊಕ್ಕಿನ ತುದಿವರೆಗೂ ಎಲ್ಲೂ ತಗ್ಗದೆ ಒಂದೇ ಇಳಿಜಾರು, ಬೆಣೆ ಥರ. ಇದರ ವೈಜ್ಞಾನಿಕ ಹೆಸರಲ್ಲಿ ಬರೋ ವ್ಯಾಲಿಸಿನೇರಿಯಾ ಅನ್ನೋದು ಅದರ ಊಟದ ಹೆಸರು, ನೀರೊಳಗೆ ರಿಬ್ಬನ್ ಥರ ಬೆಳೆಯೋ ವೈಲ್ಡ್ ಸೆಲೆರಿ ಅನ್ನೋ ಗಿಡ. ಆ ಗಿಡ ಚಳಿಗಾಲಕ್ಕೆ ಅಂತ ಕೆಸರಲ್ಲಿ ಬಿಡೋ ಮೊಗ್ಗುಗಳನ್ನ ಈ ಹಕ್ಕಿ ಮುಳುಗಿ ಆ ಉದ್ದ ಕೊಕ್ಕಲ್ಲಿ ಕಿತ್ತು ತಿನ್ನುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಚೆಸಪೀಕ್ ಕೊಲ್ಲಿಯಲ್ಲಿ ಇದಕ್ಕೆ ಎಷ್ಟು ಬೇಡಿಕೆ ಇತ್ತಂದ್ರೆ ದೋಣಿಗೇ ಬಿಗಿದ ಪಂಟ್ ಗನ್ ಅನ್ನೋ ಫಿರಂಗಿಯಂಥ ಕೋವಿಗಳಲ್ಲಿ ಒಂದೇ ಏಟಿಗೆ ಹಿಂಡುಗಟ್ಲೆ ಉರುಳಿಸಿ ಹೋಟೆಲ್‌ಗಳಿಗೆ ಮಾರ್ತಿದ್ರು. 1918ರ ವಲಸೆ ಹಕ್ಕಿ ಕಾಯ್ದೆ ಬಂದು ಆ ವ್ಯಾಪಾರ ನಿಂತಿತು. ಆಮೇಲೆ ಕೊಲ್ಲಿ ನೀರು ಕೆಟ್ಟು ಗಿಡ ಹೋಯ್ತು, ಗಿಡದ ಹಿಂದೆ ಹಕ್ಕಿನೂ ಹೋಯ್ತು, ಉಳಿದವು ಅಲ್ಲೇ ಕಪ್ಪೆಚಿಪ್ಪು ತಿಂದು ಬದುಕೋದು ಕಲಿತ್ವು. ನನಗೆ ಈ ಕಥೆ ಗೊತ್ತಾದ್ಮೇಲೇ ಈ ಹಕ್ಕಿ ಮೇಲೆ ಒಂಥರಾ ಹಂಬಲ ಹತ್ಕೊಂಡಿದ್ದು.

ಮೊದಲ್ನೇ ವರ್ಷ ಹೇಳಿದ್ನಲ್ಲ, ಕೋವಿ ಇಲ್ದೆ ಕಳೆದೆ. ಅಕ್ಟೋಬರ್ ಕೊನೆಯಿಂದ ನೀರು ಹೆಪ್ಪುಗಟ್ಟೋವರೆಗೂ ರಜಾ ಸಿಕ್ಕಾಗೆಲ್ಲಾ ಮಿನೆಸೋಟದ ಬ್ರೌನ್ಸ್‌ವಿಲ್ ಹತ್ರ ನದಿ ನೋಡೋಕೆ ಅಂತ ಎತ್ತರದಲ್ಲಿರೋ ಓವರ್‌ಲುಕ್‌ಗೆ ಹೋಗಿ ದುರ್ಬೀನು ಹಿಡ್ಕೊಂಡು ನಿಲ್ತಿದ್ದೆ. 1924ರಲ್ಲಿ ಮಾಡಿದ ಮೇಲ್ ಮಿಸಿಸಿಪ್ಪಿ ವನ್ಯಧಾಮದಲ್ಲಿ ಸೀಸನ್ ಹೊತ್ತಲ್ಲೂ ಬೇಟೆಗೆ ಮುಚ್ಚಿಟ್ಟ ಜಾಗಗಳಿವೆ, ಕ್ಯಾನ್‌ಗಳು ಅಲ್ಲೇ ಬಂದು ಗುಡ್ಡೆ ಬೀಳ್ತವೆ, ನವೆಂಬರ್ ಹೊತ್ತಿಗೆ ಟಂಡ್ರಾ ಹಂಸಗಳೂ ಜೊತೆಗೆ ಸೇರಿ ಆ ನೀರಿನ ಗದ್ದಲ ಕಿವಿ ತುಂಬುತ್ತೆ.

ಅಲ್ಲಿ ಕಲ್ತಿದ್ದು ಬಣ್ಣ ನಂಬಬಾರ್ದು ಅನ್ನೋದು. ಬೆಳಿಗ್ಗೆ ಬೆಳಕಲ್ಲಿ ಕೆಂಪು ತಲೆನೂ ಕಪ್ಪೇ. ರೆಡ್‌ಹೆಡ್ ಅಂತ ಇನ್ನೊಂದು ಬಾತು ಇದೆ, ಹೊಸಬರಿಗೆ ಕ್ಯಾನ್ ಅಂತಾನೇ ಕಾಣುತ್ತೆ, ಆದ್ರೆ ಅದರ ತಲೆ ಗುಂಡಗೆ, ಕಣ್ಣು ಹಳದಿ, ಬೆನ್ನು ಬೂದಿ. ಹಾರ್ವಾಗ ಕಣ್ಣೆಲ್ಲಾ ಯಾರಿಗ್ ಕಾಣುತ್ತೆ, ಆಕಾರನೇ ನೋಡ್ಬೇಕು: ಗಂಡು ಕ್ಯಾನ್ ಅಂದ್ರೆ ಮುಂದೆ ಕಪ್ಪು, ಹಿಂದೆ ಕಪ್ಪು, ನಡುವೆ ಉದ್ದಕ್ಕೆ ಬಿಳುಪು, ಕತ್ತು ಚಾಚಿದ ಉದ್ದನೆ ಮೈ. ಬ್ಲೂಬಿಲ್ ಅನ್ನೋ ಬಾತು ಆದ್ರೆ ಮೈ ಚಿಕ್ಕದು, ರೆಕ್ಕೆ ಹಿಂದಿನ ಅಂಚಲ್ಲಿ ಬಿಳಿ ಪಟ್ಟಿ ಮಿಂಚುತ್ತೆ. ರಿಂಗ್‌ನೆಕ್ ಅನ್ನೋ ಬಾತಿಗೆ ಅದೇ ಪಟ್ಟಿ ಬೂದಿ. ಇನ್ನು ನೀರಿಂದ ಏಳೋ ರೀತಿ, ಮಲ್ಲಾರ್ಡ್ ಥರದ ತೇಲು ಬಾತುಗಳು ಸ್ಪ್ರಿಂಗ್ ಹಾಕಿದ ಹಾಗೆ ನೆಟ್ಟಗೆ ಮೇಲೇಳ್ತವೆ, ಮುಳುಗು ಬಾತುಗಳಿಗೆ ಕಾಲು ಮೈ ಹಿಂಭಾಗಕ್ಕಿರೋದ್ರಿಂದ ನೀರ ಮೇಲೆ ಪಟಪಟ ಓಡಿ ಆಮೇಲೇ ಮೇಲಕ್ಕೆ ಹೋಗೋದು. ಮನೇಲಿ ಚಿತ್ರ ನೋಡಿ ಎಷ್ಟು ಬಾಯಿಪಾಠ ಮಾಡಿದ್ರೂ ಇದು ಬರಲ್ಲ, ನೂರಾರು ಸಲ ಹಾರೋದನ್ನ ನೋಡಿದ್ಮೇಲೆ ಒಂದಿನ ತಾನಾಗೇ ಬರುತ್ತೆ.

ಎರಡನೇ ವರ್ಷ ಕಾಗದಪತ್ರ. ರಾಜ್ಯದ ಲೈಸೆನ್ಸ್, ವಲಸೆ ಹಕ್ಕಿ ಬೇಟೆಯ ಲೆಕ್ಕ ಇಡೋಕೆ ಅಂತ ಹಿಪ್ ಅನ್ನೋ ನೋಂದಣಿ, ಮತ್ತೆ ಕೇಂದ್ರ ಸರ್ಕಾರದ ಫೆಡರಲ್ ಡಕ್ ಸ್ಟ್ಯಾಂಪ್. ಈ ಸ್ಟ್ಯಾಂಪ್ ಬಗ್ಗೆ ಹೇಳ್ಲೇಬೇಕು, 1934ರಲ್ಲಿ ಶುರುವಾಗಿದ್ದು, ಮೊದಲ್ನೇದರ ಚಿತ್ರ ಬರ್ದಿದ್ದು ವ್ಯಂಗ್ಯಚಿತ್ರಕಾರ ಡಿಂಗ್ ಡಾರ್ಲಿಂಗ್, ಇಳಿದು ಬರ್ತಿರೋ ಎರಡು ಮಲ್ಲಾರ್ಡ್. ಈಗ ಬೆಲೆ 25 ಡಾಲರ್, ಪ್ರತಿ ಡಾಲರ್‌ನಲ್ಲಿ 98 ಸೆಂಟ್ ಜೌಗು ನೆಲ ಕೊಳ್ಳೋಕೆ, ಕಾಪಾಡೋಕೆ ಹೋಗುತ್ತೆ. ಬೇಟೆ ಆಡದವ್ರೂ ತಗೋಬಹುದು, ಮೊದಲ್ನೇ ವರ್ಷ ನಾನೂ ಹಾಗೇ ತಗೊಂಡಿದ್ದೆ. ಬಾತು ಬೇಟೆಗೆ ಅಂತ ಹೊರಟ್ರೆ ಕೋವಿಯಲ್ಲಿ ಒಟ್ಟು ಮೂರು ತೋಟಕ್ಕಿಂತ ಹೆಚ್ಚು ಹಿಡಿಯೋ ಹಾಗಿಲ್ಲ, ಅದಕ್ಕೆ ಒಳಗೆ ಪ್ಲಗ್ ಹಾಕ್ಬೇಕು. ಸೀಸದ ಗುಂಡು 1991ರಿಂದ ದೇಶದಾದ್ಯಂತ ನಿಷೇಧ, ಯಾಕಂದ್ರೆ ಬಾತುಗಳು ಕಾಳು ಅರೀಲಿ ಅಂತ ಸಣ್ಣ ಕಲ್ಲು ನುಂಗ್ತವೆ, ಕೆಸರಲ್ಲಿ ಬಿದ್ದ ಸೀಸದ ಗುಂಡನ್ನೂ ಕಲ್ಲು ಅಂತ ನುಂಗಿ ವಿಷ ಏರಿ ನರಳಿ ಸಾಯ್ತಿದ್ವು. ನಾನು ಹಾಕೋದು 12 ಗೇಜ್ ಕೋವಿಗೆ ಮೂರಿಂಚಿನ ತೋಟ, ಒಳಗೆ ನಂಬರ್ 2 ಗಾತ್ರದ ಸ್ಟೀಲ್ ಗುಂಡು.

ಸ್ಟೀಲ್ ಸೀಸಕ್ಕಿಂತ ಹಗುರ, ದೂರ ಹೋದಷ್ಟೂ ಶಕ್ತಿ ಬೇಗ ಕಳ್ಕೊಳ್ಳುತ್ತೆ. ಇದನ್ನ ಓದಿ ತಿಳ್ಕೊಂಡಿದ್ದೆ, ಆದ್ರೆ ಅರ್ಥ ಆಗಿದ್ದು ಆ ಸೀಸನ್‌ನ ಮೂರನೇ ಬೆಳಿಗ್ಗೆ. ಹಕ್ಕಿ ಸೆಳೆಯೋಕೆ ನೀರಲ್ಲಿ ತೇಲಿಬಿಟ್ಟ ಬಾತು ಬೊಂಬೆಗಳ ಆಚೆ ಅಂಚಲ್ಲಿ ಒಂದು ಬ್ಲೂಬಿಲ್ ಅಡ್ಡ ಹಾದುಹೋಯ್ತು, ಐವತ್ತು ಗಜ ಇತ್ತೇನೋ, ಹೊಡೆದೆ. ಬಿತ್ತು, ಆದ್ರೆ ಸತ್ತಿರ್ಲಿಲ್ಲ, ತಲೆ ಎತ್ತಿ ಒಂದ್ಸಲ ನೋಡಿ ಮುಳುಗ್ತು. ನನ್ ಜೊತೆಗಾರನ ಲ್ಯಾಬ್ರಡಾರ್ ಈಜಿ ಅಲ್ಲಿಗೆ ಹೋಗೋಷ್ಟರಲ್ಲಿ ಬರೀ ನೀರು. ದೋಣಿ ಬಿಚ್ಕೊಂಡು ಒಂದು ಗಂಟೆ ಜೊಂಡಿನ ಸಂದಿ ಸಂದಿ ಹುಡುಕಿದ್ವಿ, ಸಿಗ್ಲಿಲ್ಲ. ಆ ಹಕ್ಕಿನ ದಿನಕ್ಕೆ ಇಷ್ಟೇ ಅಂತಿರೋ ನನ್ನ ಲೆಕ್ಕಕ್ಕೆ ಸೇರಿಸ್ಕೊಂಡೆ, ಆದ್ರೂ ಇವತ್ತಿಗೂ ಆ ತಲೆ ಎತ್ತಿ ನೋಡಿದ್ದು ಕಣ್ಮುಂದೆ ಬರುತ್ತೆ, ಎಷ್ಟೋ ರಾತ್ರಿ ಅದನ್ನ ನೆನೆಸ್ಕೊಂಡು ನಿದ್ದೆ ಬಂದಿಲ್ಲ. ಅವತ್ತಿಂದ ಒಂದು ಕ್ರಮ ಇಟ್ಕೊಂಡಿದೀನಿ, ಬೊಂಬೆ ಸಾಲಿನ ಕಟ್ಟಕಡೆ ಬೊಂಬೆನ ಅಳೆದು 35 ಗಜಕ್ಕೇ ಇಡೋದು, ಅದರಾಚೆ ಇರೋ ಹಕ್ಕಿ ಎಂಥದ್ದೇ ಆಗಿರ್ಲಿ, ನಂದಲ್ಲ. ಗಾಯ ಆದ ಹಕ್ಕಿ ತಲೆ ಎತ್ತಿದ್ರೆ ತಡ ಮಾಡ್ದೆ ಎರಡನೇ ಗುಂಡು. ಮುಳುಗು ಬಾತಿನ ಬೇಟೆಲಿ ಈ ಎರಡನ್ನ ಮೊದಲು ಹೇಳ್ಕೊಡ್ಬೇಕು, ಆಮೇಲೆ ಉಳಿದದ್ದು.

ಬೊಂಬೆ ವಿಷಯ ಬಂತಲ್ಲ, ನಾವು ಮೂರು ಡಜನ್ ಬಿಡ್ತೀವಿ. ಒಂದು ಉದ್ದ ಹಗ್ಗಕ್ಕೆ ಎರಡೂ ತುದಿ ಲಂಗರು, ನಡುವೆ ಸಣ್ಣ ದಾರಗಳಲ್ಲಿ ಬೊಂಬೆಗಳು, ಹೀಗೆ ಮೂರು ಸಾಲು. ಗಾಳಿ ಬೆನ್ನಿಗೆ ಬರೋ ಹಾಗೆ ಕೂರ್ಬೇಕು, ಬಾತು ಯಾವತ್ತೂ ಗಾಳಿಗೆ ಮುಖ ಮಾಡೇ ಇಳಿಯೋದು, ಹಾಗಾಗಿ ನಮ್ಮ ಕಡೆಗೇ ಬರುತ್ತೆ. ಸಾಲುಗಳನ್ನ ಕೊಕ್ಕೆ ಆಕಾರದಲ್ಲಿ ಬಾಗ್ಸಿ ನಡುವೆ ಖಾಲಿ ನೀರು ಬಿಟ್ರೆ ಇಳಿಯೋಕೆ ಅಂಗಳ ಆಯ್ತು. ಹಗ್ಗ ಇಳಿಸೋವಾಗ ಕಾಲಿಗೆ ಸುತ್ಕೊಂಡ್ರೆ ಆ ತಣ್ಣೀರಲ್ಲಿ ಜೀವಕ್ಕೇ ಬರುತ್ತೆ, ಲೈಫ್ ಜಾಕೆಟ್ ಇಲ್ದೆ ದೋಣಿ ಹತ್ಲೇಬೇಡಿ.

ಕ್ಯಾನ್ ಸಿಕ್ಕಿದ್ದು ಅದೇ ವರ್ಷ ನವೆಂಬರ್‌ನಲ್ಲಿ. ಆ ಸೀಸನ್‌ಗೆ ಕ್ಯಾನ್ ದಿನಕ್ಕೆ ಒಂದೇ ಅಂತ ಮಿತಿ, ಸಂಖ್ಯೆ ಕಮ್ಮಿ ಇದ್ದ ಕೆಲವು ವರ್ಷ ಪೂರ್ತಿ ಮುಚ್ಚಿದ್ದೂ ಇದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯಿಂದ ಹೊಡೀಬಹುದು, ಆದ್ರೆ ಆ ಅರ್ಧ ಗಂಟೆ ನಾನು ಸುಮ್ನೆ ಕೂರ್ತೀನಿ, ಹಕ್ಕಿ ಯಾವ್ದಂತ ನನ್ನ ಕಣ್ಣಿಗೆ ಆ ಬೆಳಕಲ್ಲಿ ಖಾತ್ರಿ ಆಗಲ್ಲ. ವಾಯುವ್ಯದ ಗಾಳಿ, ಜೊಂಡಿನ ತುದಿಲೆಲ್ಲಾ ಮಂಜುಗಡ್ಡೆ. ಎಂಟು ಗಂಟೆ ಸುಮಾರಿಗೆ ಏಳು ಹಕ್ಕಿ ಸಾಲಾಗಿ ನೀರಿಗೆ ಅಂಟ್ಕೊಂಡ ಹಾಗೆ ಬಂದ್ವು. ರೆಕ್ಕೆ ಸದ್ದು ಮೊದಲು, ಹೊಸ ಬಟ್ಟೆ ಹರಿದ ಹಾಗೆ. ಮುಂದಿಂದು ಹೆಣ್ಣು, ಕಂದು ಮೈ, ಬಿಟ್ಟೆ. ಎರಡನೇದೂ ಹೆಣ್ಣು. ಮೂರನೇದು ಬಿಸ್ಲಿಗೆ ಹೊರಳ್ತು ನೋಡಿ, ನಡುವಿನ ಬಿಳುಪು ಪಳ್ ಅಂತ ಹೊಳೀತು, ಕಾಲು ಮುಂದೆ ಚಾಚಿ ಅಂಗಳಕ್ಕೆ ಇಳೀತಾ ಇತ್ತು, ಇಪ್ಪತ್ತೈದು ಗಜ. ಒಂದೇ ಗುಂಡು. ಅಲ್ಲಾಡ್ಲೂ ಇಲ್ಲ.

ನಾಯಿ ತಂದುಕೊಟ್ಟಾಗ ಕೈಗವಸು ತೆಗೆದು ಹಿಡ್ಕೊಂಡೆ. ಇನ್ನೂ ಬಿಸಿ ಇತ್ತು, ಅಂದ್ಕೊಂಡಿದ್ದಕ್ಕಿಂತ ಭಾರ. ದೂರದಿಂದ ಬರೀ ಬಿಳಿ ಅನ್ಸಿದ ಬೆನ್ನು ಹತ್ರದಲ್ಲಿ ಬಿಳಿ ಅಲ್ವೇ ಅಲ್ಲ, ಒಂದೊಂದು ಗರಿ ಮೇಲೂ ಕೂದಲೆಳೆಯಷ್ಟು ಸಣ್ಣ ಬೂದಿ ಗೆರೆ, ಅಲೆ ಅಲೆಯಾಗಿ, ಪೆನ್ಸಿಲ್ ಚೂಪು ಮಾಡ್ಕೊಂಡು ಯಾರೋ ಕೂತು ಎಳೆದ ಹಾಗೆ. ಕ್ಯಾನ್ವಾಸ್ ಬಟ್ಟೆ ಹೆಸರು ಯಾಕೆ ಬಂತು ಅಂತ ಆವಾಗ ಗೊತ್ತಾಯ್ತು. ಕೊಕ್ಕಿನ ಬುಡದಲ್ಲಿ ಸ್ವಲ್ಪ ಕೆಸರು ಇನ್ನೂ ಒದ್ದೆಯಾಗಿ ಅಂಟಿತ್ತು, ಮುಂಜಾನೆ ಎಲ್ಲೋ ಮೊಗ್ಗು ಕಿತ್ತು ತಿಂದು ಬಂದಿತ್ತು ಅದು. ಖುಷಿ ಆಯ್ತು, ಹೊಟ್ಟೆಲಿ ಸಂಕಟನೂ ಆಯ್ತು, ಎರಡೂ ಒಟ್ಟಿಗೇ, ನನ್ ಜೊತೆಗಾರ ಏನೂ ಮಾತಾಡ್ಲಿಲ್ಲ, ಅದು ಒಳ್ಳೇದೇ ಆಯ್ತು.

ಹತ್ತೇ ನಿಮಿಷಕ್ಕೆ ಇನ್ನೊಂದು ಗಂಡು ಒಂಟಿಯಾಗಿ ಬಂದು ಬೊಂಬೆಗಳ ನಡುವೆ ಇಳೀತು. ನನ್ನ ಕೋಟಾ ಮುಗ್ದಿತ್ತು, ತೋಟ ತೆಗೆದು ಕೋವಿ ಮಡಿಲಲ್ಲಿಟ್ಕೊಂಡಿದ್ದೆ. ಜೊತೆಗಾರಂದು ಬಾಕಿ ಇತ್ತು, ಅವ್ನು ನನ್ನ ಕಡೆ ನೋಡ್ದ, ಆಮೇಲೆ ಅವನೂ ಸೇಫ್ಟಿ ಹಾಕಿ ಕೂತ. ಅದು ಬೊಂಬೆಯೊಂದರ ಪಕ್ಕ ಹೋಗಿ ಕತ್ತು ಚಾಚಿ ನೋಡ್ತು, ಸುತ್ತು ಹಾಕ್ತು, ಮುಳುಗ್ತು, ಬಾಯಲ್ಲಿ ಹಸುರು ಎಳೆ ಹಿಡ್ಕೊಂಡು ಮೇಲೆ ಬಂತು. ಕೆಂಪು ಕಣ್ಣು ಬರಿಗಣ್ಣಿಗೇ ಕಾಣ್ತಿತ್ತು. ನಾಯಿ ನಡುಗ್ತಿತ್ತು, ಆದ್ರೆ ಜಾಗ ಬಿಟ್ಟು ಏಳ್ಲಿಲ್ಲ. ನಾಲ್ಕೈದು ನಿಮಿಷ ಹಾಗೇ ಇದ್ದು, ಆಮೇಲೆ ಗಾಳಿ ಕಡೆ ತಿರುಗಿ ನೀರ ಮೇಲೆ ಪಟಪಟ ಓಡಿ ಎದ್ದು ಬೇಟೆ ಇಲ್ಲದ ನೀರಿನ ಕಡೆ ಹೋಯ್ತು.