ದಾವಣಗೆರೆಯಿಂದ ಹ್ಯಾವ್‌ಲಾಕ್‌ಗೆ: ಬ್ಯಾಗು ಹೊತ್ತು ಹೋಗಿ ಕಡಲ ದಂಡೆಯಲ್ಲಿ ಸುಮ್ಮನಿರುವ ಬಗೆ

ದಾವಣಗೆರೆ, ಚಿತ್ರದುರ್ಗದವರಿಗೆ ಬಿಸಿಲು ಹೊಸದಲ್ಲ, ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ (2018ರಿಂದ ಸ್ವರಾಜ್ ದ್ವೀಪ) ತೇವ ಹೊಸದು. ಇಲ್ಲಿ ಬೇಸಿಗೆಯಲ್ಲಿ ಗಂಟೆಯೊಳಗೆ ಒಣಗುವ ಟವೆಲ್ ಅಲ್ಲಿ ಮರುದಿನವೂ ಹಸಿ ಹಸಿ. ಜೀನ್ಸ್ ಮನೆಯಲ್ಲೇ ಇರಲಿ. ಎರಡು ತೆಳು ಪಂಚೆ ಸಾಕು, ಹಾಸಲೂ ಹೊದೆಯಲೂ ಆಗುತ್ತವೆ. ಮಂಡಕ್ಕಿ ಬೇಕೇ ಬೇಕೆಂದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ, ಪೊಟ್ಟಣ ಬಿಚ್ಚಿಟ್ಟರೆ ಮೆತ್ತಗಾಗುತ್ತದೆ. ಶೇಂಗಾ ಚಟ್ನಿಪುಡಿಗೆ ಆ ತಾಪತ್ರಯವಿಲ್ಲ.

ರೈಲಿನಲ್ಲಿ ಬೆಂಗಳೂರು, ವಿಮಾನದಲ್ಲಿ ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ), ಮುಂದೆ ಫೆರಿಯಲ್ಲಿ ಸುಮಾರು 2 ಗಂಟೆ. ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಗಾಳಿ ಎದ್ದರೆ ಫೆರಿ ರದ್ದಾಗುತ್ತದೆ, ಆದ್ದರಿಂದ ವಾಪಸು ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಉಳಿಯಿರಿ. ಗುರುತಿನ ಚೀಟಿ ಕೈಯಲ್ಲಿರಲಿ.

ಐದನೇ ನಂಬರಿನ ಬೀಚ್ ವಿಜಯನಗರ (ಹೆಸರು ನಮ್ಮ ಪಕ್ಕದ ಜಿಲ್ಲೆಯದೇ!) ಸುಮ್ಮನೆ ಮಲಗಲು ಲಾಯಕ್ಕು, ಈಜಲು ಅಷ್ಟಕ್ಕಷ್ಟೆ. ಇಳಿತದಲ್ಲಿ ನೀರು ದೂರ ಸರಿದು ಹವಳದ ಕಲ್ಲುಗಳು ಎದ್ದು ನಿಲ್ಲುತ್ತವೆ, ಬರಿಗಾಲು ಕೊಯ್ಯುತ್ತವೆ. ಭರತದ (ನೀರು ಏರುವ) ಹೊತ್ತನ್ನು ಕೋಣೆಯವರಲ್ಲಿ ಕೇಳಿಯೇ ಇಳಿಯಿರಿ. ಈಜಿಗೆ ರಾಧಾನಗರ ಬೀಚಿನ ಮರಳು ತಳವೇ ವಾಸಿ. ಮೊಸಳೆ ಎಚ್ಚರಿಕೆಯ ಫಲಕವಿರುವ ಕಡೆ ಮಾತ್ರ ಕಾಲಿಡಬೇಡಿ. ಚಳಿಗಾಲದಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುವುದರಿಂದ 4ಕ್ಕೆಲ್ಲ ರಾಧಾನಗರದಲ್ಲಿರಿ.

ಜೋಲಿಯನ್ನು ಕಾಯಿ ಬಿಟ್ಟ ತೆಂಗಿನ ಕೆಳಗೆ ಕಟ್ಟಲೇಬೇಡಿ. ಮುಸ್ಸಂಜೆಗೆ ಮರಳಿನ ಸಣ್ಣ ನೊಣಗಳು ಕಚ್ಚುತ್ತವೆ. ಪಂಚೆ ಹಾಸದೆ ಮಲಗಬೇಡಿ, ಕಚ್ಚಿದ ಮೇಲೆ ಕೆರೆದರೆ ಹುಣ್ಣಾಗುತ್ತದೆ. ಚಿಪ್ಪು, ಹವಳ ಬ್ಯಾಗಿಗೆ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರೆ.