ಲಿವೋಫ್ಲಾಕ್ಸಾಸಿನ್ ಬರೆಯುವ ಕೈಗೆ ಕಡಿವಾಣ

ಮಂಡ್ಯದ ಸುತ್ತಿನ ಹಳ್ಳಿಯಲ್ಲಿ ಕ್ಲಿನಿಕ್ ಇಟ್ಟುಕೊಂಡು ಸಿಪ್ರೋ, ಲಿವೋ, ಆಫ್ಲಾ ಎಂಬ ಒಂದೇ ಗುಂಪಿನ (ಫ್ಲೋರೋಕ್ವಿನೊಲೋನ್) ಪ್ರತಿಜೀವಕಗಳಿಲ್ಲದೆ ದಿನ ತಳ್ಳಲಾಗದು ಎಂದು ಹೇಳದ ಸಹೋದ್ಯೋಗಿಯಿರಲಿಲ್ಲ. ಇವನ್ನು ಬರೆಯುವುದು ಬಿಡುತ್ತೇನೆಂದಾಗ “ಮೂರು ತಿಂಗಳಲ್ಲಿ ನಿಮ್ಮ ರೋಗಿಗಳೆಲ್ಲ ನಮ್ಮಲ್ಲಿಗೆ ಬರುತ್ತಾರೆ” ಎಂದು ಪಕ್ಕದ ಬೀದಿಯ ವೈದ್ಯರು ನಕ್ಕಿದ್ದರು. ಎರಡು ವರ್ಷವಾಯಿತು. ಆಗ ದಿನಕ್ಕೆ ಎಂಟು ಹತ್ತು ಚೀಟಿಯಲ್ಲಿ ಇರುತ್ತಿದ್ದ ಈ ಔಷಧಗಳು ಈಗ ತಿಂಗಳಿಗೆ ಆರೋ ಏಳೋ. ಪಕ್ಕದ ಬೀದಿಯವರ ಅತ್ತೆಯೂ ಈಗ ನನ್ನ ರೋಗಿ.

ಓದಿ ಬಂದ ಬುದ್ಧಿಯಲ್ಲ ಇದು, ಪೆಟ್ಟು ತಿಂದು ಬಂದದ್ದು. ಕಬ್ಬು ಕಟಾವಿನ ಕಾಲ. ಅರವತ್ತು ದಾಟಿದ, ಗಾಡಿ ಹೊಡೆಯುವ ಹಿರಿಯರೊಬ್ಬರು ಉಬ್ಬಸ, ಕಫ ಎಂದು ಬಂದರು. ಲಿವೋಫ್ಲಾಕ್ಸಾಸಿನ್ 500 ಬರೆದು, ಜೊತೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಕೊಟ್ಟೆ. ಈ ಗುಂಪಿನ ಔಷಧದಿಂದ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಹರಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2008ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತ್ತು. ವಯಸ್ಸು, ಸ್ಟಿರಾಯ್ಡ್ ಎರಡೂ ಸೇರಿದರೆ ಅಪಾಯ ಹೆಚ್ಚು. ಗೊತ್ತಿದ್ದೂ ಬರೆದೆ. ಐದನೆಯ ದಿನ ಮಗನ ಹೆಗಲು ಹಿಡಿದು ಬಂದರು. ಹಿಮ್ಮಡಿಯ ಮೇಲೆ ಯಾರೋ ಕೊಡಲಿ ಕಾವಿನಿಂದ ಹೊಡೆದಂತಿದೆ ಎಂದರು. ಬೆಂಚಿನ ಮೇಲೆ ಬೋರಲು ಮಲಗಿಸಿ ಮೀನಖಂಡ ಹಿಂಡಿದೆ; ರಜ್ಜು ಹರಿದಿದ್ದರೆ ಪಾದ ಬಾಗುವುದಿಲ್ಲ. ಎಡಪಾದ ಬಾಗಿತು. ಬಲಪಾದ ಅಲುಗಲಿಲ್ಲ. ನನ್ನ ಬಾಯಿ ಒಣಗಿತು. ಇನ್ನೊಮ್ಮೆ, ಸ್ವಲ್ಪ ಮೇಲೆ ಹಿಡಿದು ಹಿಂಡಿದಾಗ ಬಾಗಿತು. ರಜ್ಜು ಊದಿತ್ತು, ಹರಿದಿರಲಿಲ್ಲ. ಮಾತ್ರೆ ಅಲ್ಲಿಗೇ ನಿಲ್ಲಿಸಿದೆ. ಆ ಹಂಗಾಮಿನಲ್ಲಿ ಅವರು ಮತ್ತೆ ಗಾಡಿ ಕಟ್ಟಲಿಲ್ಲ. ಕೈತಪ್ಪಿದ ಬಾಡಿಗೆ ಇಪ್ಪತ್ತು ಸಾವಿರಕ್ಕೆ ಕಡಿಮೆಯಿರಲಾರದು. ನಾನು ಬರೆದ ಮಾತ್ರೆಗೆ ನೂರು ರೂಪಾಯಿಯೂ ಆಗಿರಲಿಲ್ಲ.

ಅಂದೇ ಎಲ್ಲವನ್ನೂ ಬಿಟ್ಟೆ. ಅದೂ ತಪ್ಪಾಯಿತು. ಉರಿಮೂತ್ರ ಎಂದವರಿಗೆಲ್ಲ ನೈಟ್ರೋಫ್ಯುರಾಂಟೋಯಿನ್ ಎಂಬ ಬೇರೆ ಗುಂಪಿನ ಪ್ರತಿಜೀವಕ ಬರೆಯತೊಡಗಿದೆ. ಒಬ್ಬ ಹೆಂಗಸಿಗೆ ಸಣ್ಣ ಜ್ವರವಿತ್ತು, ಸೊಂಟದ ಪಕ್ಕೆ ನೋವೂ ಇತ್ತು. ಅವಸರದಲ್ಲಿ ನಾನು ಪಕ್ಕೆ ಮುಟ್ಟಿ ನೋಡಿರಲಿಲ್ಲ. ಆ ಔಷಧ ಮೂತ್ರಕೋಶದಲ್ಲಿ ಗೆಲ್ಲುತ್ತದೆ, ಮೂತ್ರಪಿಂಡದ ಒಳಗೆ ಸಾಕಾಗುವಷ್ಟು ಇಳಿಯುವುದಿಲ್ಲ. ಮೂರನೆಯ ದಿನ ಗಡಗಡ ನಡುಗುತ್ತಾ ಬಂದರು; ಮೈಸೂರಿಗೆ ಕಳಿಸಬೇಕಾಯಿತು. ಆ ಮನೆಯವರು ಮತ್ತೆ ಬಂದಿಲ್ಲ, ಬರಬೇಕೆಂದು ನಿರೀಕ್ಷಿಸುವ ಮುಖವೂ ನನಗಿಲ್ಲ.

ಆಮೇಲೆ ಕಲ್ಚರ್ ಹಿಡಿದೆ, ಅಂದರೆ ಮೂತ್ರದ ರೋಗಾಣುವನ್ನು ಬೆಳೆಸಿ ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಪರೀಕ್ಷೆ. ಆರುನೂರು ರೂಪಾಯಿ ಎಂದರೆ ಯಾರೂ ಒಪ್ಪುತ್ತಿರಲಿಲ್ಲ. ಬೆಳಗಿನ ಮಾದರಿಗಳನ್ನೆಲ್ಲ ಐಸ್ ಡಬ್ಬಿಯಲ್ಲಿಟ್ಟು ಒಟ್ಟಿಗೆ ಮೈಸೂರಿನ ಬಸ್ಸಿಗೆ ಹಾಕುತ್ತೇನೆಂದು ಒಂದು ಪ್ರಯೋಗಾಲಯದ ಜೊತೆ ಚೌಕಾಸಿ ಮಾಡಿ ಮುನ್ನೂರೈವತ್ತಕ್ಕೆ ಇಳಿಸಿದೆ. ಮೊದಲ ಕೆಲವು ತಿಂಗಳು ಅರ್ಧ ನಾನೇ ಕೊಟ್ಟೆ, ಹನ್ನೆರಡು ಹದಿಮೂರು ಸಾವಿರ ಹೋಗಿರಬೇಕು. ಆ ದುಡ್ಡಿಗೆ ಸಿಕ್ಕಿದ್ದು ಬಲವಾದ ಸಾಕ್ಷಿ: ನನ್ನ ಕಡತದ, ಉರಿಮೂತ್ರ ತರುವ ಈ. ಕೊಲೈ ಬ್ಯಾಕ್ಟೀರಿಯಾಗಳಲ್ಲಿ ಹತ್ತಕ್ಕೆ ಏಳರ ಮುಂದೆ ಸಿಪ್ರೋಗೆ ನಿರೋಧವಿದೆ ಎಂದೇ ಬರೆದಿರುತ್ತಿತ್ತು. ಇಷ್ಟು ವರ್ಷ ನಾನು ಕೊಟ್ಟದ್ದು ಪೆಟ್ಟನ್ನು ಮಾತ್ರ.

ಭೇದಿಗೆ ಆಫ್ಲಾಕ್ಸಾಸಿನ್–ಆರ್ನಿಡಜೋಲ್ ಮಾತ್ರೆಯ ಪಟ್ಟಿ ಕೇಳಿಕೊಂಡೇ ಬರುತ್ತಾರೆ. ಅವರನ್ನು ಬರೀ ಓಆರ್‌ಎಸ್ ಕೊಟ್ಟು ನಗುತ್ತಾ ಕಳಿಸುವ ಒಂದು ಮಾತಿದೆ ನನ್ನ ಬಳಿ. ಅದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದ ಬೀದಿಯವರೂ ಓದುತ್ತಾರೆ.

ನಡುವೆ ಒಂದು ಮುದ್ದೆಯ ಪ್ರಯೋಗ. ಪ್ರಾಸ್ಟೇಟ್ ಸೋಂಕಿನವರೊಬ್ಬರ ವರದಿಯಲ್ಲಿ ಸಿಪ್ರೋ ಕೆಲಸ ಮಾಡಲೇಬೇಕಿತ್ತು, ವಾರವಾದರೂ ಉರಿ ಇಳಿಯಲಿಲ್ಲ. ವಿಚಾರಿಸಿದರೆ ಮುದ್ದೆ, ಮಜ್ಜಿಗೆಯ ನಡುವೆ ಮಾತ್ರೆ, ಅದರ ಮೇಲೆ ಗ್ಯಾಸಿನ ಜೆಲ್! ಸುಣ್ಣದಂಶ, ಅಲ್ಯುಮಿನಿಯಂ, ಮೆಗ್ನೀಷಿಯಂ ಎಲ್ಲ ಸೇರಿ ಔಷಧವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಊಟಕ್ಕೆ ಎರಡು ಗಂಟೆ ಮೊದಲು ನುಂಗಿಸಿ, ಜೆಲ್ ಬಿಡಿಸಿದೆ. ನಾಲ್ಕೈದು ದಿನಕ್ಕೆ ಸರಿಹೋಯಿತು. ನನ್ನ ಗುಮಾನಿ ಜೆಲ್ ಮೇಲೆಯೇ. ಮುದ್ದೆಯನ್ನು ಸುಮ್ಮನೆ ದೂರುತ್ತಿದ್ದೇನೋ ಏನೋ.

ಎರಡು ವಿಷಯದಲ್ಲಿ ಮಾತ್ರ ಈಗಲೂ ಹಟ: ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗುವವರಿಗೆ ಈ ಗುಂಪು ಬೇಡ, ಎರಡೂ ಸೇರಿ ಒಬ್ಬ ಅಜ್ಜಿಯ ಸಕ್ಕರೆ 48ಕ್ಕೆ ಇಳಿದದ್ದನ್ನು ಕಂಡಿದ್ದೇನೆ. ವಾರಗಟ್ಟಲೆ ಕೆಮ್ಮಿದವರಿಗೆ ಕಫ ಪರೀಕ್ಷೆಗೆ ಮೊದಲು ಲಿವೋ ಇಲ್ಲ. ಕೊಟ್ಟರೆ ಕ್ಷಯ ಅರೆಬರೆ ಅಡಗಿ ಕೂತು ಕಣ್ಣಿಗೆ ಮಣ್ಣೆರಚುತ್ತದೆ.

ಎದುರಿನ ಔಷಧ ಅಂಗಡಿಯವರು ಮೊದಲ ಆರು ತಿಂಗಳು ಮಾತು ಬಿಟ್ಟಿದ್ದರು. ಈಗ ಸೋಮವಾರ ಬೆಳಗ್ಗೆ ಫೋನ್ ಮಾಡಿ ನೈಟ್ರೋಫ್ಯುರಾಂಟೋಯಿನ್ ಎಷ್ಟು ತರಿಸಲಿ ಎಂದು ಕೇಳುತ್ತಾರೆ.